ಹನ್ನೊಂದು ಎಡಗಾಲಿನ ಶೂಗಳು

ಹೆಮ್ಮೆ ಪಡಲು ಮನುಷ್ಯನಿಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಇಪ್ಪತ್ತು ವರ್ಷದಿಂದ ಒಂದೇ ಛತ್ರಿ ಹಿಡಿಯುತ್ತಿದ್ದೇನೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಾರೆ. ನನ್ನ ಭಾವಮೈದುನನಿಗೆ ತಾನು ಯಾವ ಮದುವೆಯಲ್ಲೂ ಎರಡನೇ ಪಂಕ್ತಿಗೆ ಕೂತವನಲ್ಲ ಎಂಬುದೇ ಜೀವಮಾನದ ಸಾಧನೆ. ನಾನು ದಿಲ್ಲಿಯ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಇಪ್ಪತ್ತೆರಡು ವರ್ಷ ಕಡತಗಳ ನಡುವೆ ಕೂತವನಾದ್ದರಿಂದ, ಯಾವ ಕೆಲಸವನ್ನೇ ಆಗಲಿ ಕ್ರಮಬದ್ಧವಾಗಿ ಹಿಡಿದರೆ ಅದು ಕೆಡುವ ಮಾತೇ ಇಲ್ಲ ಎಂಬುದು ನನ್ನ ಹೆಮ್ಮೆ. ಆ ಹೆಮ್ಮೆಯಿಂದಲೇ ನಾನೊಮ್ಮೆ ಡಿಸೆಂಬರ್ ಚಳಿಯಲ್ಲಿ ಹನ್ನೊಂದು ಮಕ್ಕಳು ಒಂದು ಕಾಲಿಗೆ ಒದ್ದೆ ಶೂ ಹಾಕಿಕೊಂಡು ಶಾಲೆಗೆ ಹೋಗುವಂತೆ ಮಾಡಿದೆ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ ಅಂತಲ್ಲ, ಒಂದು ದಿನ ಪೂರ್ತಿ ಆಯಿತು. ಆಮೇಲೆ ಅದೂ ನನ್ನ ಹೆಮ್ಮೆಯ ಪಟ್ಟಿಗೆ ಸೇರಿಹೋಯಿತು.

ನಾವಿರುವುದು ಫರೀದಾಬಾದಿನಲ್ಲಿ, ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಹಳೆಯ ಸೊಸೈಟಿಯಲ್ಲಿ. ಒಂದೊಂದು ಮೆಟ್ಟಿಲಸಾಲಿಗೆ ಎಂಟೆಂಟು ಮನೆ; ಆ ಎಂಟನ್ನೂ ಸೇರಿಸಿ ನಾವು ಒಂದು ಮೆಟ್ಟಿಲು ಎನ್ನುತ್ತೇವೆ. ನಮ್ಮ ಎದುರು ಬಾಗಿಲು ಫಿಲೋಮಿನಾ ಆಂಟಿಯದು. ಕುಂದಾಪುರದ ಕಡೆಯವರು. ನರ್ಸ್ ಆಗಿ ಚಿಕ್ಕ ವಯಸ್ಸಿನಲ್ಲಿ ನಾಲ್ಕು ವರ್ಷ ಜರ್ಮನಿಯಲ್ಲಿದ್ದು, ಆಮೇಲೆ ದಿಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಗಂಡ ಗ್ರೆಗರಿ ಅಂಕಲ್ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದರು. ಆಂಟಿ ಜರ್ಮನಿಯಿಂದ ತಂದದ್ದು ಮೂರು: ಒಂದು ಉಣ್ಣೆಯ ಕೋಟು, ಒಂದು ಗೋಡೆ ಗಡಿಯಾರ, ಮತ್ತು ಸಂತ ನಿಕೋಲಸರ ಹಬ್ಬ. ಕೋಟನ್ನು ನುಸಿ ತಿಂದಿತು, ಗಡಿಯಾರ ನಿಂತಿತು. ಹಬ್ಬ ಮಾತ್ರ ನಮ್ಮ ಮೆಟ್ಟಿಲಿನಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿತು.

ಹಬ್ಬ ಡಿಸೆಂಬರ್ ಆರಕ್ಕೆ. ಹಿಂದಿನ ದಿನ ಮಕ್ಕಳು ತಮ್ಮ ಒಂದು ಶೂವನ್ನು ಬಾಗಿಲ ಹೊರಗೆ ಇಡಬೇಕು. ಸಂತರು ಬಂದು ಅದರಲ್ಲಿ ಹಣ್ಣು, ಅಕ್ರೋಟು, ಸಿಹಿ ತುಂಬಿ ಹೋಗುತ್ತಾರೆ. ಎರಡು ಶೂ ಇಟ್ಟರೆ ಆಸೆಬುರುಕರೆಂದು ಏನೂ ಸಿಗುವುದಿಲ್ಲ. ಜರ್ಮನಿಯಲ್ಲಿ ಮಕ್ಕಳು ಬೆಳಿಗ್ಗೆ ಎದ್ದು ನೋಡುತ್ತಾರಂತೆ. ನಮ್ಮಲ್ಲಿ ಬೆಳಿಗ್ಗೆ ಶಾಲೆಯ ಬಸ್ಸಿನ ಗಡಿಬಿಡಿ. ಹಾಗಾಗಿ ಆಂಟಿ ಒಂದು ತಿದ್ದುಪಡಿ ತಂದಿದ್ದರು. "ನಮ್ಮ ಫರೀದಾಬಾದಿಗೆ ಅವರು ಸಂಜೆ ಏಳು ಗಂಟೆಗೇ ಬಂದು ಹೋಗ್ತಾರೆ ಮಾರಾಯ್ರೆ. ಆಮೇಲೆ ಅವರಿಗೆ ಜರ್ಮನಿಗೆ ಹೋಗ್ಲಿಕ್ಕೆ ಉಂಟಲ್ಲ?" ಎನ್ನುತ್ತಿದ್ದರು. ಏಳು ಗಂಟೆಗೆ ಮೆಟ್ಟಿಲಿನ ಮಕ್ಕಳೆಲ್ಲ ಅವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕಥೆ ಕೇಳುತ್ತ ಕೂರುವುದು, ಆ ಹೊತ್ತಿಗೆ ಗ್ರೆಗರಿ ಅಂಕಲ್ ಚೀಲ ಹಿಡಿದು ನಾಲ್ಕೂ ಮಹಡಿ ಹತ್ತಿ ಇಳಿದು ಶೂಗಳನ್ನು ತುಂಬಿಸಿ ಗಂಟೆ ಬಾರಿಸುವುದು, ಮಕ್ಕಳು ಹೋ ಎಂದು ಹೊರಗೆ ಓಡುವುದು. ಪಂಜಾಬಿ, ಬಂಗಾಳಿ, ಗಢವಾಲಿ, ನಮ್ಮ ಮೈಸೂರು ಕಡೆಯ ಅದಿತಿ, ಎಲ್ಲ ಮಕ್ಕಳಿಗೂ ದೀಪಾವಳಿ ಆದ ಮೇಲೆ ಕಣ್ಣು ಆ ದಿನದ ಮೇಲೇ. ಪಕ್ಕದ ಮೆಟ್ಟಿಲಿನವರಿಗೆ ಇಂಥದ್ದೊಂದು ಇಲ್ಲವಲ್ಲ ಎಂದು ನಾವು ದೊಡ್ಡವರೂ ಒಳಗೊಳಗೇ ಬೀಗುತ್ತಿದ್ದೆವು.

ಈ ಹಬ್ಬದಲ್ಲಿ ನನಗಿದ್ದದ್ದು ಒಂದೇ ತೊಡಕು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ತಿನ್ನುವ ವಸ್ತು ಶೂವಿನಲ್ಲಿ! ನಮ್ಮಜ್ಜಿ ಚಪ್ಪಲಿ ಬಿಟ್ಟ ಜಾಗದಲ್ಲಿ ನಿಂತು ಮಾತಾಡುವಾಗ ದೇವರ ಹೆಸರು ಬಂದರೆ ನಾಲ್ಕು ಹೆಜ್ಜೆ ಆಚೆ ಸರಿದು ಆಮೇಲೆ ಮಾತು ಮುಂದುವರಿಸುತ್ತಿದ್ದವರು. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ, ಅಕ್ಕಿಯ ಕಾಳು ಕಾಲಡಿ ಬಿದ್ದರೆ ಹೆಕ್ಕಿ ಮೇಲಿಡುವ ಮನೆಯಲ್ಲಿ ಬೆಳೆದವನು ನಾನು. ಅಂಥವನ ಮಗಳು ತನ್ನ ಶೂವಿನೊಳಗೆ ಕೈ ಹಾಕಿ ಆಂಟಿ ಮಾಡಿದ ನೆವ್ರಿ, ಅಂದರೆ ನಮ್ಮ ಕರ್ಜಿಕಾಯಿಯೇ, ತೆಗೆದು ಕರುಂ ಕುರುಂ ಎಂದು ತಿನ್ನುವಾಗ ನನ್ನ ಮೈಮೇಲೆ ಮುಳ್ಳೇಳುತ್ತಿತ್ತು. ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ: ಕಿತ್ತಳೆಗೆ ಸಿಪ್ಪೆಯಿದೆ, ದೋಷವಿಲ್ಲ, ಅಕ್ರೋಟಿಗೆ ಚಿಪ್ಪಿದೆ, ದೋಷವಿಲ್ಲ. ಕರ್ಜಿಕಾಯಿಗೆ ಮಾತ್ರ ಯಾವ ರಕ್ಷಣೆಯೂ ಇಲ್ಲ. ಅದನ್ನು ಮಗಳು ನನ್ನ ಬಾಯಿಗೆ ಇಡಲು ಬಂದಾಗಲೆಲ್ಲ ನನಗೆ ಹಲ್ಲುನೋವು ಬರುತ್ತಿತ್ತು.

ಹೋದ ವರ್ಷದ ಬೇಸಿಗೆಯಲ್ಲಿ ಗ್ರೆಗರಿ ಅಂಕಲ್ ತೀರಿಕೊಂಡರು. ಆ ನವೆಂಬರಿನಲ್ಲಿ ಆಂಟಿಗೆ ಮಂಡಿಯ ಆಪರೇಷನ್ ಆಯಿತು. ಮನೆಯೊಳಗೇ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುವುದು, ಮತ್ತೆ ಕುರ್ಚಿಯಲ್ಲಿ ಕೂರುವುದು. ಒಂದು ಭಾನುವಾರ ಅದಿತಿ ಅವರ ಮನೆಯಿಂದ ಮುಖ ಇಳಿಬಿಟ್ಟುಕೊಂಡು ಬಂದಳು. "ಅಪ್ಪ, ಆಂಟಿ ಈ ಸಲ ಹಬ್ಬ ಬೇಡ ಅಂತಿದಾರೆ. ಕೆಹ್ ರಹೀ ಹೈಂ ಕಿ ಅಂಕಲ್ ಇಲ್ವಲ್ಲ ಅಂತ. ನೀವು ಬನ್ನಿ, ಹೇಳಿ." ಎಂಟು ವರ್ಷದ ಅವಳ ಕನ್ನಡ ಹೀಗೆಯೇ, ದಾರಿಯಲ್ಲಿ ಒಂದು ಬಾರಿ ಹಿಂದಿ ಹತ್ತಿ ಇಳಿಯುತ್ತದೆ.

ನಾನು ಹೋದೆ. ಆಂಟಿ ಕಿಟಕಿಯ ಬಳಿ ಕಾಲು ಚಾಚಿ ಕೂತಿದ್ದರು. "ಎಂತ ಮಾಡುದು ಮೂರ್ತಿಯವರೇ? ಮೆಟ್ಟಿಲು ಹತ್ತಿ ಇಳಿಯುವವರೇ ಹೋದ್ರಲ್ಲ. ಹಬ್ಬ ಅವರೊಟ್ಟಿಗೇ ಹೋಯ್ತು ಅಂತ ಇರ್ಲಿ ಬಿಡಿ" ಎಂದರು. ಯೋಚನೆ ಮಾಡುವ ಮೊದಲೇ ಬಾಯಿಂದ ಮಾತು ಬಿದ್ದಿತ್ತು: "ನಾನಿದ್ದೀನಲ್ಲ ಆಂಟಿ." ಅವರು ನನ್ನನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದರು. ಖಾಲಿಯಾದ ಹುದ್ದೆಗೆ ಬಂದ ಅರ್ಜಿಯನ್ನು ನಾನು ಆಫೀಸಿನಲ್ಲಿ ನೋಡುವುದು ಹಾಗೆಯೇ. ಕೊನೆಗೆ, "ಆಯ್ತು, ಒಂದು ಸರ್ತಿ ನೋಡುವ. ಸರಿಯಾದ್ರೆ ಮುಂದೆಯೂ ನಡೀಲಿ. ಏನಾದ್ರೂ ಎಡವಟ್ಟು ಆದ್ರೆ ಇಲ್ಲಿಗೇ ನಿಲ್ಲಿಸುವ. ಗ್ರೆಗರಿ ಮಾಡಿದ್ದು ನಗೆಪಾಟಲು ಆಗುದು ಬೇಡ" ಎಂದರು.

ಎಂಟು ಮನೆಗಳಲ್ಲಿ ನನಗೇ ಈ ಹುದ್ದೆ ಸಿಕ್ಕಿತೆಂದು ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಬೇರೆ ಯಾರೂ ಕೇಳಿರಲೇ ಇಲ್ಲ ಎಂಬುದು ಬೇರೆ ವಿಷಯ. ಮೊದಲು ಕರಡು ತಯಾರಿಸಿದೆ. ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ಟೈಪ್ ಮಾಡಿ, ವಿದ್ಯುತ್ ಮೀಟರುಗಳ ಪಕ್ಕದ ಗೋಡೆಗೆ ಅಂಟಿಸಿದೆ: ಪ್ರತಿ ಮಗುವೂ ಐದನೇ ತಾರೀಕು ಸಂಜೆ ನಾಲ್ಕು ಗಂಟೆಯೊಳಗೆ ಒಂದು ಶೂ ಇಡತಕ್ಕದ್ದು, ಏಕರೂಪತೆಯ ದೃಷ್ಟಿಯಿಂದ ಅದು ಎಡಗಾಲಿನದಾಗಿರತಕ್ಕದ್ದು, ಹೆಸರಿನ ಚೀಟಿ ಕಡ್ಡಾಯ. ಸಂತ ನಿಕೋಲಸರಿಗೆ ಎಡಗಾಲು ಬಲಗಾಲು ಏಕೆ ಬೇಕು ಎಂದು ನನ್ನ ಹೆಂಡತಿ ಸುಧಾ ಕೇಳಿದಳು. ಇಂಥ ಪ್ರಶ್ನೆ ಕೇಳುವವರಿಂದಲೇ ದೇಶದಲ್ಲಿ ಕೆಲಸಗಳು ನಿಧಾನವಾಗುವುದು ಎಂದು ಉತ್ತರಿಸಿ ಅವಳಿಗೆ ಕರ್ಜಿಕಾಯಿಯ ಜವಾಬ್ದಾರಿ ವಹಿಸಿದೆ. ಅವಳು ಮೂವತ್ತಮೂರು ಕರ್ಜಿಕಾಯಿ ಕರಿದಳು. ಕೊಬ್ಬರಿ, ಗಸಗಸೆ, ಏಲಕ್ಕಿಯ ವಾಸನೆ ಮೆಟ್ಟಿಲಿನ ತುದಿಯವರೆಗೆ ಹೋಯಿತು.

ಐದನೇ ತಾರೀಕು ಅರ್ಧ ದಿನ ರಜೆ ಹಾಕಿ ಬಂದೆ. ನಾಲ್ಕು ಗಂಟೆಗೆ ಹನ್ನೊಂದು ಕಪ್ಪು ಶೂಗಳು, ಹನ್ನೊಂದೂ ಎಡಗಾಲಿನವು, ಶಿಸ್ತಾಗಿ ಬಾಗಿಲುಗಳ ಮುಂದೆ ಕೂತಿದ್ದವು. ನನ್ನ ಆದೇಶ ಆಫೀಸಿನಲ್ಲಿ ಕೂಡ ಇಷ್ಟು ಚೆನ್ನಾಗಿ ಜಾರಿಯಾದದ್ದಿಲ್ಲ. ಆದರೆ ಹತ್ತಿರ ಹೋಗಿ ಮೊದಲನೆಯದನ್ನು ಬಗ್ಗಿ ನೋಡಿದೆ. ಮೂರನೇ ಮಹಡಿಯ ಲಕ್ಷ್ಯ ಅಹೂಜಾನದು. ಇಡೀ ದಿನ ಫುಟ್‌ಬಾಲ್ ಆಡಿದ ಶೂ. ಒಳಗೆ ಮಣ್ಣಿತ್ತು, ಅರ್ಧ ಪೆನ್ಸಿಲ್ ಇತ್ತು, ಮತ್ತು ವಿವರಿಸಲಾಗದ ಒಂದು ವಾಸನೆಯಿತ್ತು. ಕರ್ಜಿಕಾಯಿ ಹಿಡಿದ ನನ್ನ ಕೈ ಅದರ ಮೇಲೆ ಹೋಗಿ ಗಾಳಿಯಲ್ಲೇ ನಿಂತುಬಿಟ್ಟಿತು. ಮಗಳು ತಿನ್ನುವುದನ್ನು ನೋಡದ ಹಾಗೆ ಇದ್ದುಬಿಡುವುದು ಬೇರೆ. ನಾನೇ, ನನ್ನ ಬಲಗೈಯಿಂದ, ತುಪ್ಪ ಹಾಕಿ ಕಲಸಿದ ಪದಾರ್ಥವನ್ನು ಪಾದರಕ್ಷೆಯೊಳಗೆ ಇಡುವುದೆಂದರೆ? ಆಗುವುದಿಲ್ಲ. ಅಜ್ಜಿ ಹೋಗಿ ಹದಿನೈದು ವರ್ಷವಾದರೂ ಆಗುವುದಿಲ್ಲ.

ಆಗ ನನಗೆ ಆ ಅಮೋಘ ಉಪಾಯ ಹೊಳೆಯಿತು. ತೊಳೆದರೆ ಶುದ್ಧವಾಯಿತಲ್ಲ! ಹನ್ನೊಂದು ಶೂಗಳನ್ನೂ ಬಾಲ್ಕನಿಗೆ ಹೊತ್ತು ತಂದೆ. ಬಿಸಿನೀರು, ಬಟ್ಟೆ ಸಾಬೂನು, ಹಳೆಯ ಬ್ರಶ್ಶು. ಒಳಗೂ ಹೊರಗೂ ತಿಕ್ಕಿದೆ. ಮೂರು ನೀರಿನಲ್ಲಿ ಜಾಲಿಸಿದೆ. ಕೊನೆಯ ಬಕೆಟ್ಟಿಗೆ ಮನಸ್ಸು ತಡೆಯದೆ ಅರಿಶಿನವನ್ನೂ ಹಾಕಿದೆ, ಒಂದು ಚಿಟಿಕೆ ಅಂದುಕೊಂಡೇ ಶುರುಮಾಡಿದ್ದು, ಹೆದರಿಕೆಯಿಂದ ಎರಡು ಚಮಚವಾಯಿತು. ಸಾಲಾಗಿ ಬೋರಲು ಹಾಕಿ ನೋಡಿದಾಗ ಅವು ಎಷ್ಟು ಪವಿತ್ರವಾಗಿ ಕಂಡವೆಂದರೆ ನನಗೇ ಕೈ ಮುಗಿಯಬೇಕೆನಿಸಿತು. ಒಂದೇ ಒಂದು ಸಂಗತಿ ಮರೆತಿದ್ದೆ. ಫರೀದಾಬಾದಿನ ಡಿಸೆಂಬರಿನಲ್ಲಿ ಮೂರು ಗಂಟೆಗೆ ಸೂರ್ಯ ಎದುರಿನ ಬ್ಲಾಕಿನ ಹಿಂದೆ ಹೋಗುತ್ತಾನೆ, ಕರ್ಚೀಫು ಒಣಗಲೂ ಎರಡು ದಿನ ಬೇಕು. ಆರೂವರೆಗೆ ಮುಟ್ಟಿ ನೋಡಿದೆ. ಹಿಂಡಿದರೆ ಲೋಟ ತುಂಬುವಷ್ಟು ನೀರಿತ್ತು. ಸುಧಾ ಅಡುಗೆಮನೆಯಿಂದ ಬಂದು ಬಾಲ್ಕನಿಯ ದೃಶ್ಯವನ್ನು ಸ್ವಲ್ಪ ಹೊತ್ತು ನೋಡಿ, "ಕರ್ಜಿಕಾಯಿನ ಒಂದು ಕವರ್‌ನಲ್ಲಿ ಹಾಕಿ ಶೂ ಒಳಗಿಟ್ಟಿದ್ರೆ ಆಗ್ತಿತ್ತಲ್ವಾ?" ಎಂದಳು. ಆಗುತ್ತಿತ್ತು. ಖಂಡಿತ ಆಗುತ್ತಿತ್ತು. ನನಗೆ ಹೊಳೆದಿರಲಿಲ್ಲ.

ಏಳು ಗಂಟೆಗೆ ಮಕ್ಕಳು ಆಂಟಿಯ ಮನೆ ಸೇರಿದರು. ಒಳಗಿನಿಂದ ಅವರ ಕುಂದಾಪುರದ ಹಿಂದಿಯಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗನ್ನು ಸಂತರು ಕಾಪಾಡಿದ ಕಥೆ ಕೇಳುತ್ತಿತ್ತು. ನಾನು ಒದ್ದೆ ಶೂಗಳನ್ನು ಬಾಗಿಲು ಬಾಗಿಲಿಗೆ ಹಂಚಿ, ಕಿತ್ತಳೆ, ಅಕ್ರೋಟು, ಕವರಿನಲ್ಲಿ ಕಟ್ಟಿದ ಕರ್ಜಿಕಾಯಿ ತುಂಬಿ, ಅಂಕಲ್ ಬಾರಿಸುತ್ತಿದ್ದ ಗಂಟೆ ಎಲ್ಲಿದೆಯೋ ತಿಳಿಯದೆ ನಮ್ಮ ದೇವರ ಮನೆಯ ಗಂಟೆಯನ್ನೇ ತಂದು ಬಾರಿಸಿದೆ. ಅಭ್ಯಾಸಬಲದಿಂದ ಮಂಗಳಾರತಿಯ ಲಯದಲ್ಲೇ ಬಾರಿಸಿದೆ. ಬಾಗಿಲು ತೆರೆದು ಮಕ್ಕಳು ನುಗ್ಗಿದರು. ಲಕ್ಷ್ಯ ತನ್ನ ಶೂ ಎತ್ತಿದ. ಟಪ್ ಟಪ್ ಎಂದು ನೀರು ತೊಟ್ಟಿಕ್ಕಿತು. "ಅರೇ, ಯೇ ಗೀಲಾ ಕ್ಯೋಂ ಹೈ?" ಇದೇಕೆ ಒದ್ದೆ ಎಂದು ಕೂಗಿದ. ಹನ್ನೊಂದು ಮುಖಗಳೂ ಶೂಗಳನ್ನು ನೋಡಿದವು. ನಾನು ಗಂಟೆಯನ್ನು ಸ್ವೆಟರಿನೊಳಗೆ ಸೇರಿಸಿದೆ. ಹಬ್ಬ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಗ ಅದಿತಿ ಮುಂದೆ ಬಂದಳು. ತನ್ನ ಶೂವನ್ನು ನೋಡಿದಳು, ಮೊಣಕೈವರೆಗೆ ಮಡಚಿದ ನನ್ನ ಸ್ವೆಟರಿನ ಒದ್ದೆ ತೋಳನ್ನು ನೋಡಿದಳು, ಒಂದು ಕ್ಷಣ ಕೂಡ ತಡೆಯದೆ, "ಬುದ್ಧೂ, ಬರ್ಫ್ ಮೇಂ ಸೇ ಆಯೇ ಹೈಂ ನಾ! ಹಿಮ ಕರಗಿದೆ" ಎಂದಳು. ಆಹಾ ಎಂದು ಮಕ್ಕಳು ನಂಬಿದರು. ಹಿಮದ ನಾಡಿನಿಂದ ಬಂದ ನೀರೆಂದು ಒಬ್ಬಳು ಕೆನ್ನೆಗೆ ಹಚ್ಚಿಕೊಂಡಳು ಕೂಡ. ನನ್ನ ಮಗಳ ಬಗ್ಗೆ ನನಗೆ ಹಲವು ಸಲ ಹೆಮ್ಮೆಯಾಗಿದೆ, ಆದರೆ ಆ ಸಂಜೆಯಷ್ಟು ಎಂದೂ ಆಗಿರಲಿಲ್ಲ. ನನ್ನ ಇಡೀ ಸೆಕ್ಷನ್ನಿನಲ್ಲಿ ಅಷ್ಟು ಚುರುಕಾಗಿ ಉತ್ತರ ಬರೆಯುವವರು ಒಬ್ಬರೂ ಇಲ್ಲ. ಆದರೆ ವಾಕರ್ ಹಿಡಿದು ಬಾಗಿಲಿಗೆ ಬಂದಿದ್ದ ಫಿಲೋಮಿನಾ ಆಂಟಿ ಒಂದು ಶೂವನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಸಾಬೂನು, ಅರಿಶಿನ. ನನ್ನ ಮುಖ ನೋಡಿದರು. "ನಾಳೆ ಮಾತಾಡುವ" ಎಂದಷ್ಟೇ ಹೇಳಿ ಒಳಗೆ ಹೋದರು.

ಹಿಮದ ಕಥೆ ಬೆಳಗಿನಾಚೆ ಬಾಳಲಿಲ್ಲ. ಬಹಳಷ್ಟು ಮಕ್ಕಳಿಗೆ ಶಾಲೆಯ ಶೂ ಇದ್ದದ್ದು ಅದೊಂದೇ ಜೊತೆ. ಆ ಸಂಜೆ ನಮ್ಮ ಮೆಟ್ಟಿಲಿನ ಎಲ್ಲ ಮನೆಗಳಲ್ಲೂ ಹೇರ್ ಡ್ರೈಯರ್, ರೂಮ್ ಹೀಟರ್, ಇಸ್ತ್ರಿಪೆಟ್ಟಿಗೆ ಕೆಲಸ ಮಾಡಿದವು. ಲಕ್ಷ್ಯನ ತಾಯಿ ವಾಟ್ಸಾಪ್ ಗುಂಪಿನಲ್ಲಿ ಒಂದು ಶೂವಿನ ಚಿತ್ರವನ್ನೂ ಅದರ ಕೆಳಗೆ ಕೈ ಮುಗಿದ ಗುರುತನ್ನೂ ಹಾಕಿದರು. ಅದು ಭಕ್ತಿಯಿಂದ ಮುಗಿದ ಕೈಯಲ್ಲ ಎಂದು ನನಗೆ ಗೊತ್ತಾಯಿತು. ಏನು ಮಾಡಿದರೂ ಒಳಗಿನ ಹತ್ತಿ ಒಣಗಲಿಲ್ಲ. ಬೆಳಿಗ್ಗೆ ಮಂಜಿನಲ್ಲಿ ಹನ್ನೊಂದು ಮಕ್ಕಳು ಬಸ್ಸಿನ ಕಡೆ ನಡೆದರು. ಬಲಗಾಲು ಸದ್ದಿಲ್ಲದೆ, ಎಡಗಾಲು ಪಚಕ್ ಪಚಕ್ ಎಂದು. ಅದಿತಿ ಬಸ್ ಹತ್ತುವಾಗ ಅವಳ ಎಡಗಾಲಿನ ಬಿಳಿ ಕಾಲುಚೀಲ ಹಿಮ್ಮಡಿಯಿಂದ ಮೇಲೆ ಹಳದಿಯಾಗುತ್ತಿರುವುದನ್ನು ಕಂಡೆ. ಅವಳ ಮುಂದಿನವಳದೂ. ಹಿಂದಿನವನದೂ. ಹಿಮಕ್ಕೆ ಹಳದಿ ಬಣ್ಣ ಇರುವುದಿಲ್ಲ ಎಂಬುದನ್ನು ಅರ್ಥಮಾಡಿಕೊಳ್ಳದಷ್ಟು ಚಿಕ್ಕವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ.

ಆ ದಿನ ಆಫೀಸಿನಲ್ಲಿ ನಾನು ಮಾಡಿದ ಟಿಪ್ಪಣಿಗಳನ್ನು ಸೋಮವಾರ ನಾನೇ ವಾಪಸ್ ತರಿಸಿಕೊಳ್ಳಬೇಕಾಯಿತು. ಹಬ್ಬವನ್ನು ಕೊಂದವನು ನಾನು. ಗ್ರೆಗರಿ ಅಂಕಲ್ ಅಷ್ಟು ವರ್ಷ ಸದ್ದಿಲ್ಲದೆ ಮಾಡಿಕೊಂಡು ಬಂದದ್ದನ್ನು ನಾನು ನೋಟೀಸು ಅಂಟಿಸಿ, ಗಂಟೆ ಬಾರಿಸಿ, ಒಂದೇ ದಿನದಲ್ಲಿ ಮುಗಿಸಿದ್ದೆ. ಆಂಟಿಗೆ ಏನು ಹೇಳಲಿ ಎಂದು ಮೆಟ್ರೋದಲ್ಲಿ ನಿಂತು ನಾಲ್ಕು ಬಗೆಯ ಕ್ಷಮಾಪಣೆ ಯೋಚಿಸಿದೆ. ಒಂದೂ ಸರಿಹೋಗಲಿಲ್ಲ. ಮನೆ ತಲುಪಿದರೆ ನಮ್ಮ ಬಾಗಿಲಿಗೆ ಬೀಗ. ಎದುರು ಮನೆಯಿಂದ ನಗುವಿನ ಸದ್ದು. ಹೆದರುತ್ತಲೇ ಇಣುಕಿದೆ. ಹನ್ನೊಂದೂ ಮಕ್ಕಳು ಅಲ್ಲಿದ್ದರು, ಸುಧಾ ಕೂಡ ಇದ್ದಳು. ಅದಿತಿ ನಡುವೆ ನಿಂತು ಶಾಲೆಯಲ್ಲಿ ಆದದ್ದನ್ನು ಅಭಿನಯಿಸಿ ತೋರಿಸುತ್ತಿದ್ದಳು.

ಆದದ್ದು ಇಷ್ಟು. ಪ್ರಾರ್ಥನೆಯ ಹೊತ್ತಿಗೆ ಸಮವಸ್ತ್ರ ನೋಡುವ ಟೀಚರ್ ಹಳದಿ ಕಾಲುಚೀಲದವರನ್ನೆಲ್ಲ ಒಂದು ಕಡೆ ನಿಲ್ಲಿಸಿದರಂತೆ. ಇದೇನಿದು, ಯಾರು ಮಾಡಿದ್ದು ಎಂದು ಕೇಳಿದರಂತೆ. ನನ್ನ ಹೆಸರು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಲಕ್ಷ್ಯ, ಶೂವಿನಲ್ಲಿ ಪೆನ್ಸಿಲ್ ಇಟ್ಟುಕೊಳ್ಳುವ ಅದೇ ಲಕ್ಷ್ಯ, ಎದೆ ಮುಂದೆ ಮಾಡಿ ಹೇಳಿದನಂತೆ: "ಮ್ಯಾಮ್, ಹಮಾರೇ ವಾಲೇ ಸೇಂಟ್ ನಿಕೋಲಸ್ ಕರ್ನಾಟಕ ಸೇ ಹೈಂ. ವೋ ಪೆಹಲೇ ಧೋತೇ ಹೈಂ, ಫಿರ್ ದೇತೇ ಹೈಂ." ನಮ್ಮವರು ಮೊದಲು ತೊಳೆಯುತ್ತಾರೆ, ಆಮೇಲೆ ಕೊಡುತ್ತಾರೆ. ಉಳಿದ ಹತ್ತು ಮಕ್ಕಳೂ ಹೌದು ಹೌದು ಎಂದು ತಲೆಯಾಡಿಸಿದರಂತೆ. ಟೀಚರ್ ನಗು ತಡೆಯಲಾರದೆ ಎಲ್ಲರನ್ನೂ ಒಳಗೆ ಕಳಿಸಿದರಂತೆ. ಬೇರೆ ತರಗತಿಯವರೆಲ್ಲ ಬಂದು ಹಳದಿ ಕಾಲುಚೀಲ ನೋಡಿಕೊಂಡು ಹೋದರಂತೆ. "ಅಪ್ಪ, ಬಾಕಿಯೋಂ ಕೇ ಪಾಸ್ ಐಸಾ ಸಂತ ಇಲ್ವೇ ಇಲ್ಲ!" ಎಂದಳು ನನ್ನ ಮಗಳು.

ಫಿಲೋಮಿನಾ ಆಂಟಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು. ನಕ್ಕು ಬಂದ ನೀರೋ ಬೇರೆಯದೋ ನನಗೆ ತಿಳಿಯಲಿಲ್ಲ. "ಕೂತ್ಕೊಳ್ಳಿ ಮೂರ್ತಿಯವರೇ" ಎಂದರು. "ಒಂದು ಸಂಗತಿ ನಾನು ಯಾರಿಗೂ ಹೇಳ್ಲಿಲ್ಲ. ಮೊದಲನೇ ವರ್ಷ ಗ್ರೆಗರಿ ಸಹ ಹೀಗೆಯೇ. ಶೂ ಹಿಡ್ಕೊಂಡು ಮೆಟ್ಟಿಲಲ್ಲಿ ಕೂತುಬಿಟ್ಟಿದ್ರು. ತಿನ್ನುವುದನ್ನು ಚಪ್ಪಲಿಗೆ ಹಾಕ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ ಫಿಲ್ಲು, ಅಮ್ಮ ನೋಡಿದ್ರೆ ಹೊಡೀತಾರೆ ಅಂತ. ಆಮೇಲೆ ಎಂತ ಮಾಡಿದ್ರು ಗೊತ್ತುಂಟಾ? ದಿಲ್ಲಿಯ ನಮ್ಮೂರವರ ಹೋಟೆಲಿಗೆ ಹೋಗಿ ಬಾಳೆಲೆ ತಂದು, ಒಂದೊಂದು ಶೂವಿನೊಳಗೂ ಎಲೆ ಹಾಸಿ ಬಡಿಸಿದ್ರು. ಪ್ರತಿ ವರ್ಷವೂ ಹಾಗೇ. ಜರ್ಮನಿಯವರಿಗೆ ಏನೂ ಅನ್ನಿಸುದಿಲ್ಲ. ನಮ್ಮ ಕಡೆಯವರಿಗೆ ಯಾರಿಗೂ ಆಗುದಿಲ್ಲ, ಇಗರ್ಜಿಗೆ ಹೋಗುವವರಾದ್ರೂ ಸರಿ, ದೇವಸ್ಥಾನಕ್ಕೆ ಹೋಗುವವರಾದ್ರೂ ಸರಿ."

ಅಷ್ಟು ವರ್ಷ ಹಲ್ಲುನೋವೆಂದು ನಾನು ತಳ್ಳಿದ ಕರ್ಜಿಕಾಯಿಗಳೆಲ್ಲ ಬಾಳೆಲೆಯ ಮೇಲೆ ಕೂತಿದ್ದವು. ಒಮ್ಮೆಯಾದರೂ ಬಗ್ಗಿ ನೋಡಿದ್ದರೆ ತಿಳಿಯುತ್ತಿತ್ತು. ಗ್ರೆಗರಿ ಅಂಕಲ್ ಜೊತೆ ದಿನವೂ ಮೆಟ್ಟಿಲಲ್ಲಿ ನಿಂತು ಹವೆಯ ಬಗ್ಗೆ ಮಾತಾಡಿದ್ದೇನೆ, ಇದೊಂದನ್ನು ಮಾತ್ರ ಕೇಳಿರಲಿಲ್ಲ. ಆಂಟಿ ನನ್ನ ಕೈ ತಟ್ಟಿ, "ಮಕ್ಕಳು ಪಾಸು ಮಾಡಿದ ಮೇಲೆ ನಾನು ಫೇಲು ಮಾಡ್ಲಿಕ್ಕೆ ಆಗ್ತದಾ? ಇನ್ನು ಮುಂದೆ ನೀವೇ" ಎಂದರು. ನನಗೆ ಸೆಕ್ಷನ್ ಆಫೀಸರ್ ಆಗಿ ಬಡ್ತಿಯ ಆದೇಶ ಬಂದ ದಿನವೂ ಅಷ್ಟು ಸಂತೋಷವಾಗಿರಲಿಲ್ಲ. ಅವತ್ತು ಅದಿತಿ ಕೊಟ್ಟ ಕರ್ಜಿಕಾಯಿಯನ್ನು ಎಲ್ಲರೆದುರು ತಿಂದೆ.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ, ಹೇಳಿಕೊಂಡು ತಿರುಗುತ್ತಿದ್ದೆ ಅಷ್ಟೆ. ಈ ಡಿಸೆಂಬರಿನಲ್ಲಿ ನಾನು ತಯಾರಾಗಿದ್ದೆ. ಬಾಳೆಲೆ ತಂದಿದ್ದೆ. ಶೂ ತೊಳೆಯುವ ವಿಚಾರವೇ ಇರಲಿಲ್ಲ. ಐದನೇ ತಾರೀಕು ಶುಕ್ರವಾರ, ಆರು ಶನಿವಾರ ರಜೆ. ಅರ್ಧ ದಿನ ರಜೆ ಹಾಕಿ ನಾಲ್ಕು ಗಂಟೆಗೆ ಮೆಟ್ಟಿಲು ಹತ್ತಿದರೆ ಒಂದನೇ ಮಹಡಿಯಲ್ಲೇ ಕಾಲಿಡಲು ಜಾಗವಿಲ್ಲ. ಶಾಲೆಯ ಶೂಗಳು ಮಾತ್ರವಲ್ಲ. ಕೆಸರು ಮೆತ್ತಿದ ಕ್ರಿಕೆಟ್ ಶೂ, ಸ್ಕೇಟಿಂಗ್ ಶೂ, ದೀಪಾವಳಿಯ ರಂಗೋಲಿ ಬಣ್ಣ ಬಿದ್ದ ಸ್ಯಾಂಡಲ್ಲು, ಯಾರದೋ ತಂದೆಯ ಹನ್ನೊಂದು ನಂಬರಿನ ಬೂಟು. ಪಕ್ಕದ ಮೆಟ್ಟಿಲಿನವರೂ ಹೆಸರಿನ ಚೀಟಿ ಸಮೇತ ತಂದಿಟ್ಟಿದ್ದರು. ಎಣಿಸಿದರೆ ನಲವತ್ತಮೂರು. ಲಕ್ಷ್ಯನ ತಾಯಿ ಕೈ ಮುಗಿದರು, ಈ ಸಲ ನಿಜವಾದ ಭಕ್ತಿಯಿಂದಲೇ. ಮೊದಲು ತೊಳೆದು ಆಮೇಲೆ ಕೊಡುವ ಸಂತರ ಖ್ಯಾತಿ ಬ್ಲಾಕಿನ ಉದ್ದಗಲಕ್ಕೂ ಹಬ್ಬಿತ್ತು. "ಹಬ್ಬ ಬೆಳೀತಾ ಉಂಟು ಮಾರಾಯ್ರೆ!" ಎಂದು ವಾಕರ್ ಇಲ್ಲದೆ ಬಾಗಿಲಲ್ಲಿ ನಿಂತಿದ್ದ ಫಿಲೋಮಿನಾ ಆಂಟಿ ಹೆಮ್ಮೆಯಿಂದ ಹೇಳಿದರು.

ಮಕ್ಕಳ ನಂಬಿಕೆಯನ್ನು ಒಡೆಯುವವನು ನಾನಾಗಬಾರದು. ಬಾಲ್ಕನಿಯಲ್ಲಿ ಬಕೆಟ್ಟು ಇಟ್ಟುಕೊಂಡು ಪಂಚೆ ಮೇಲೆ ಕಟ್ಟಿ ಕೂತೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಕುಡಿದ ಕಾಫಿ ಲೋಟವನ್ನು ಸಿಂಕಿನವರೆಗೆ ಒಯ್ದ ದಾಖಲೆ ನನ್ನ ಹೆಸರಿನಲ್ಲಿಲ್ಲ. ಅಂಥವನು ಎರಡು ಗಂಟೆ ಕಾಲ ಊರಿನವರ ಶೂ ತಿಕ್ಕಿದೆ, ಎದೆ ಮಾತ್ರ ಉಬ್ಬಿಕೊಂಡೇ ಇತ್ತು. ಕೊನೆಯದಾಗಿ ರಾಶಿಯ ಅಡಿಯಿಂದ ಒಂದು ಜೊತೆ ವಾಕಿಂಗ್ ಶೂ ಸಿಕ್ಕಿತು. ಎರಡೂ ಕಾಲಿನದು, ಹೆಸರಿನ ಚೀಟಿಯಿಲ್ಲ, ಆದರೆ ಎಲ್ಲೋ ದಿನವೂ ನೋಡಿದ ಹಾಗಿತ್ತು. ತಲೆಯೆತ್ತಿದೆ. ಸುಧಾ ಬಾಲ್ಕನಿಯ ಬಾಗಿಲಿಗೆ ಒರಗಿ ಟೀ ಕುಡಿಯುತ್ತಿದ್ದಳು.

"ಲೇಸ್ ಬಿಚ್ಚಿಟ್ಟಿದ್ದೀನಿ" ಎಂದಳು. "ಅದನ್ನ ಬೇರೆಯಾಗಿ ತೊಳೀರಿ."